ಮೂರು ಕಣಗಳ ನಂಟು

ಜಗಲಿಯ ಮೇಲೆ ಇಬ್ಬರು ಮಾತನಾಡುತ್ತಿರುವಾಗ ಮೂರನೆಯವನೊಬ್ಬ ಬಂದು ಕುಳಿತರೆ ಮೊದಲಿನ ಇಬ್ಬರ ಮಾತಿನ ಧಾಟಿಯೇ ಬೇರೆಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಪರಮಾಣುವಿನ ಗರ್ಭದಲ್ಲಿಯೂ ಇಂಥದೇ ವ್ಯವಹಾರವುಂಟು. ಅದನ್ನು ಅರಿಯಲು ವಿಜ್ಞಾನಿಗಳು ಪಟ್ಟ ಶ್ರಮದ ಚರಿತ್ರೆ ಸ್ವಾರಸ್ಯವಾದುದು.

ಪ್ರೋಟಾನು, ನ್ಯೂಟ್ರಾನುಗಳನ್ನು ಪರಮಾಣುವಿನ ನಡುವೆ ಒಟ್ಟಿಗೆ ಬಿಗಿದಿರುವ ಬಲ ಯಾವುದು? ಜಪಾನಿನ ಹಿಡೆಕಿ ಯುಕಾವಾ ಅವರು 1935ರಲ್ಲಿ ಇದಕ್ಕೆ ಉತ್ತರವಿತ್ತರು. ಈ ಕಣಗಳು ತಮ್ಮೊಳಗೆ ಮತ್ತೊಂದು ಕಣವನ್ನು ಕೊಟ್ಟು ಕೊಳ್ಳುತ್ತವೆ. ಆ ಕೊಡುಕೊಳೆಯೇ ಅವುಗಳ ಬಂಧನ. ಪಯಾನ್ ಎಂಬ ಆ ಕಣ 1947ರಲ್ಲಿ ವಿಶ್ವಕಿರಣಗಳಲ್ಲಿ ಸಿಕ್ಕಿತು.

ಆದರೆ ಇದು ಇಬ್ಬರ ಲೆಕ್ಕ. 1957ರಲ್ಲಿ ಫುಜಿತಾ ಮತ್ತು ಮಿಯಾಜಾವಾ ಎಂಬವರು ಮೂವರ ಲೆಕ್ಕವನ್ನು ಮುಂದಿಟ್ಟರು. ಮೊದಲ ಕಣ ಕಳುಹಿದ ಪಯಾನನ್ನು ನುಂಗಿ ಎರಡನೆಯದು ಕ್ಷಣಕಾಲ ಉದ್ರೇಕಗೊಳ್ಳುತ್ತದೆ. ಬಳಿಕ ಮೂರನೆಯದಕ್ಕೆ ಮತ್ತೊಂದು ಪಯಾನನ್ನು ಕಳುಹುತ್ತದೆ. ಎರಡೆರಡರ ಬಲಗಳನ್ನು ಎಷ್ಟು ಕೂಡಿಸಿದರೂ ಈ ಬಲ ದೊರೆಯದು. ಒಂದು ಪ್ರೋಟಾನು, ಎರಡು ನ್ಯೂಟ್ರಾನು ಸೇರಿದ ಟ್ರಿಟಾನಿನ ಬಂಧನಶಕ್ತಿ 8.48 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ಇಬ್ಬರ ಬಲವನ್ನಷ್ಟೇ ಹಿಡಿದು ಎಣಿಸಿದರೆ ಬರುವುದು ಸುಮಾರು 7.6. ಕೊರತೆಯನ್ನು ತುಂಬಲು ಮೂರರ ಬಲವೇ ಬೇಕಾಯಿತು.

ಈ ಪ್ರಶ್ನೆ ಆಕಾಶಕ್ಕೂ ಏರಿದೆ. ನ್ಯೂಟ್ರಾನ್ ನಕ್ಷತ್ರದ ಒಡಲಲ್ಲಿ ಲ್ಯಾಂಬ್ಡಾ ಎಂಬ ಕಣಗಳು ಹುಟ್ಟಬಹುದೆಂದು ಲೆಕ್ಕ ಹೇಳುತ್ತದೆ. ಹುಟ್ಟಿದರೆ ನಕ್ಷತ್ರ ಮೆದುವಾಗಿ, ಹೆಚ್ಚು ಭಾರವನ್ನು ತಾಳಲಾರದು. ಆದರೆ 2010ರಲ್ಲಿ ಸುಮಾರು ಎರಡು ಸೂರ್ಯರಷ್ಟು ತೂಗುವ ನಕ್ಷತ್ರವೊಂದನ್ನು ಅಳೆದದ್ದಾಯಿತು. ಲ್ಯಾಂಬ್ಡಾದೊಡನೆ ಎರಡು ಕಣಗಳು ಕೂಡಿದಾಗ ವಿಕರ್ಷಣೆಯುಂಟಾಗುವುದಾದರೆ ಈ ಒಗಟು ಬಿಡಿಸೀತು. ಇದನ್ನು ಅಳೆಯುವುದೆಂತು? ಲ್ಯಾಂಬ್ಡಾದ ಆಯುಸ್ಸು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗಕ್ಕೂ ಕಡಿಮೆ!

ಉಪಾಯ ದೊರೆತದ್ದು ನಕ್ಷತ್ರ ವೀಕ್ಷಣೆಯಿಂದಲೇ. 1956ರಲ್ಲಿ ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ ಅವರು ಲುಬ್ಧಕ ನಕ್ಷತ್ರದ ಬೆಳಕನ್ನು ಎರಡು ಕನ್ನಡಿಗಳಲ್ಲಿ ಹಿಡಿದು, ಅದರ ಏರಿಳಿತಗಳನ್ನು ಹೋಲಿಸಿ, ನಕ್ಷತ್ರದ ಗಾತ್ರವನ್ನು ಅಳೆದರು. 1960ರಲ್ಲಿ ಗೋಲ್ಡ್‌ಹೇಬರ್ ದಂಪತಿಗಳೂ ಸಂಗಡಿಗರೂ ಪಯಾನುಗಳಲ್ಲಿ ಅಂಥದೇ ಹೊಂದಾಣಿಕೆಯನ್ನು ಕಂಡರು. ಈಗ ಜಿನೀವಾದ ಬಳಿ, 27 ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ, ಆಲಿಸ್ ಎಂಬ ಉಪಕರಣ ಈ ಕೆಲಸವನ್ನು ಕೈಗೊಂಡಿದೆ. ಎರಡು ಪ್ರೋಟಾನುಗಳು ಡಿಕ್ಕಿಯಾದಾಗ ಹೊಸ ಕಣಗಳು ತೀರ ಒತ್ತೊತ್ತಾಗಿ ಹುಟ್ಟುತ್ತವೆ. ಆಕರ್ಷಣೆಯಿದ್ದರೆ ಹೆಚ್ಚು ಕಣಗಳು ಜೊತೆಜೊತೆಯಾಗಿ ಹೊರಬರುತ್ತವೆ, ವಿಕರ್ಷಣೆಯಿದ್ದರೆ ಕಡಿಮೆ. ಮೂರರ ಎಣಿಕೆಯಿಂದ ಎರಡೆರಡರ ಪಾಲನ್ನು ಕಳೆದರೆ ಉಳಿಯುವುದು ಮೂರರದೇ ಸ್ವಂತ ಪಾಲು.

2023ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೂರು ಪ್ರೋಟಾನುಗಳಿಗೆ ಅಂಥ ಶೇಷ ಸ್ಪಷ್ಟವಾಗಿ ಕಂಡಿತು. ಅದರಲ್ಲಿ ಬಲದ ಪಾಲೆಷ್ಟು, ಸಮಾನ ಕಣಗಳು ಒಂದೇ ಸ್ಥಿತಿಯಲ್ಲಿರಲಾರವೆಂಬ ಪೌಲಿಯ ನಿಯಮದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಇನ್ನೂ ಕಷ್ಟದ ಕೆಲಸ. ಎರಡು ಪ್ರೋಟಾನುಗಳೊಡನೆ ಲ್ಯಾಂಬ್ಡಾ ಇದ್ದ ಕೂಟದಲ್ಲಿ ತೀರ್ಪು ಹೇಳುವಷ್ಟು ಮಾದರಿಗಳು ದೊರೆಯಲಿಲ್ಲ. 2022ರಲ್ಲಿ ಆರಂಭವಾದ ಹೊಸ ಸರದಿಯ ಡಿಕ್ಕಿಗಳು ಆ ಸಂಖ್ಯೆಯನ್ನು ಬೆಳೆಸಿವೆ. ಅಷ್ಟು ಭಾರದ ನಕ್ಷತ್ರ ಕುಸಿಯದೆ ನಿಂತದ್ದೇಕೆಂಬುದಕ್ಕೆ ಉತ್ತರವು ಈ ಕಿರಿಯ ಕಣಗಳ ಲೆಕ್ಕದಿಂದಲೇ ಬರಬೇಕಾಗಿದೆ.