ಒಂಟಿ ಮದ್ದು ಸೋತ ಕಥೆ

ಕ್ಷಯಕ್ಕೆ ಮದ್ದಿಲ್ಲವೆಂಬ ಮಾತನ್ನು ನಿಮ್ಮ ಮನೆಯ ಹಿರಿಯರ ಬಾಯಿಂದ ನೀವು ಕೇಳಿರಬಹುದು. ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು. 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಈ ರೋಗದ ಕ್ರಿಮಿಯನ್ನು ಲೋಕಕ್ಕೆ ತೋರಿಸಿಕೊಟ್ಟರು. ಆದರೆ ಅದನ್ನು ಅಡಗಿಸುವ ಔಷಧಕ್ಕೆ ಇನ್ನೂ ಅರುವತ್ತು ವರ್ಷ ಕಾಯಬೇಕಾಯಿತು. ಅಲ್ಲಿಯವರೆಗೆ ರೋಗಿಗೆ ಗತಿಯೆಂದರೆ ಸ್ಯಾನಟೋರಿಯಂನ ಹಾಸಿಗೆ, ಒಳ್ಳೆಯ ಗಾಳಿ, ಪುಷ್ಟಿಯಾದ ಆಹಾರ. ಕೆಲವರಿಗೆ ಶ್ವಾಸಕೋಶವನ್ನು ಕುಗ್ಗಿಸುವ ಚಿಕಿತ್ಸೆ.

1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ, ಆಲ್ಬರ್ಟ್ ಷಾಟ್ಸ್ ಎಂಬ ತರುಣರು ಮಣ್ಣಿನ ಸೂಕ್ಷ್ಮಜೀವಿಯಿಂದ ಸ್ಟ್ರೆಪ್ಟೊಮೈಸಿನ್ ಪಡೆದರು. ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅದನ್ನು 107 ರೋಗಿಗಳ ಮೇಲೆ ಪರೀಕ್ಷಿಸಿ 1948ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಹಾಸಿಗೆಯ ವಿಶ್ರಾಂತಿಯೊಡನೆ ಔಷಧವನ್ನೂ ಪಡೆದ 55 ಮಂದಿಯಲ್ಲಿ ಆರು ತಿಂಗಳೊಳಗೆ ಸತ್ತವರು 4. ಬರಿಯ ವಿಶ್ರಾಂತಿ ಪಡೆದ 52 ಮಂದಿಯಲ್ಲಿ 14. ಎಂತಹ ಗೆಲುವು! ಆದರೆ ಐದು ವರ್ಷ ಕಳೆದ ಮೇಲೆ ಲೆಕ್ಕ ನೋಡಿದಾಗ ಮೊದಲ ಗುಂಪಿನಲ್ಲಿ 32, ಎರಡನೆಯದರಲ್ಲಿ 35 ಮಂದಿ ತೀರಿಹೋಗಿದ್ದರು. ಗೆಲುವು ಬಹುಪಾಲು ಕರಗಿಹೋಗಿತ್ತು.

ಕಾರಣವೇನು? ಶ್ವಾಸಕೋಶದಲ್ಲಿ ರೋಗ ಕೊರೆದ ಒಂದು ಕುಳಿಯಲ್ಲಿ ಹತ್ತು ಕೋಟಿಯಷ್ಟು ಕ್ರಿಮಿಗಳಿರಬಲ್ಲವು. ಹತ್ತು ಲಕ್ಷಕ್ಕೆ ಸುಮಾರು ಒಂದರಂತೆ ಕೆಲವು ಹುಟ್ಟಿನಿಂದಲೇ ಆ ಔಷಧಕ್ಕೆ ಜಗ್ಗವು. ಮಿಕ್ಕವೆಲ್ಲ ಸತ್ತಾಗ, ಕಳೆ ಕಿತ್ತ ಹೊಲದಲ್ಲಿ ಪೈರು ಹಬ್ಬುವಂತೆ, ಉಳಿದ ನೂರು ಕ್ರಿಮಿಗಳು ಹಬ್ಬುತ್ತವೆ. ಮೊದಲು ಚೇತರಿಸಿಕೊಂಡ ರೋಗಿ ಮತ್ತೆ ಕೆಮ್ಮತೊಡಗುತ್ತಾನೆ. ಈ ಸಲ ಅದೇ ಮದ್ದು ನಾಟದು.

ಪರಿಹಾರವೂ ಇದೇ ಲೆಕ್ಕದಲ್ಲಿತ್ತು. ಎರಡು ಔಷಧಗಳನ್ನು ಜೊತೆಯಾಗಿ ಕೊಟ್ಟರೆ, ಎರಡಕ್ಕೂ ಜಗ್ಗದ ಕ್ರಿಮಿ ಲಕ್ಷ ಕೋಟಿಗೊಂದು ಸಿಕ್ಕೀತು. ಸ್ಟ್ರೆಪ್ಟೊಮೈಸಿನ್ನಿಗೆ ಪಿ.ಎ.ಎಸ್. ಜೊತೆಯಾಯಿತು, 1952ರಲ್ಲಿ ಐಸೋನಿಯಾಜಿಡ್ ಬಂದಿತು. ಎಡಿನ್‌ಬರೋದಲ್ಲಿ ಜಾನ್ ಕ್ರಾಫ್ಟನ್ ಮತ್ತು ಸಂಗಡಿಗರು ಮೂರನ್ನೂ ಕೂಡಿಸಿ ಕೊಟ್ಟು, ಕ್ಷಯವನ್ನು ಪೂರ್ಣವಾಗಿ ಗುಣಪಡಿಸಬಹುದೆಂದು ತೋರಿಸಿದರು.

ನಮ್ಮ ದೇಶದ ಪಾಲೂ ಸಣ್ಣದಲ್ಲ. 1956ರಲ್ಲಿ ಆರಂಭವಾದ ಮದರಾಸಿನ ಸಂಶೋಧನಾ ಕೇಂದ್ರವು, ಮಾತ್ರೆಗಳನ್ನು ಸರಿಯಾಗಿ ಸೇವಿಸಿದರೆ ಮನೆಯಲ್ಲಿಯೇ ಸ್ಯಾನಟೋರಿಯಂನಷ್ಟೇ ಗುಣವಾಗುತ್ತದೆಂದು ಸ್ಥಾಪಿಸಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಆದರೆ ಚಿಕಿತ್ಸೆ ಮನೆಗೆ ಬಂದಾಗ ಹೊಣೆಯೂ ಮನೆಗೆ ಬಂದಿತು. ಕೆಮ್ಮು ನಿಂತು ಮೈಯಲ್ಲಿ ಶಕ್ತಿ ಬಂದೊಡನೆ ಮದ್ದು ಬಿಡುವವನ ಎದೆಯಲ್ಲಿ ಕ್ರಿಮಿಗಳು ಇನ್ನೂ ಉಳಿದಿರುತ್ತವೆ. ಒಮ್ಮೆ ನುಂಗಿ ಒಮ್ಮೆ ಬಿಟ್ಟರೆ, ಇಲ್ಲವೇ ಹಲವು ಮಾತ್ರೆಗಳಲ್ಲಿ ಒಂದನ್ನೇ ಆರಿಸಿಕೊಂಡರೆ, ಹಳೆಯ ಒಂಟಿ ಮದ್ದಿನ ಕಥೆಯೇ ಮರುಕಳಿಸೀತು.

ಈ ನಿರೋಧ ಎರಡು ಬಗೆ. ಒಂದು, ರೋಗಿಯ ದೇಹದಲ್ಲಿಯೇ ಅರೆಬರೆ ಚಿಕಿತ್ಸೆಯಿಂದ ಬೆಳೆದದ್ದು. ಇನ್ನೊಂದು, ಅಂಥವನ ಕೆಮ್ಮಿನಿಂದ ಬೇರೊಬ್ಬರಿಗೆ ತಗಲಿದ್ದು. ಒಂದು ಮಾತ್ರೆಯನ್ನೂ ನುಂಗಿರದ ಮಗುವಿಗೂ ಅದು ಬರಬಹುದು. 1960ರ ದಶಕದಲ್ಲಿ ಬಂದ ರಿಫಾಂಪಿಸಿನ್ ಚಿಕಿತ್ಸೆಯ ಅವಧಿಯನ್ನು ಆರು ತಿಂಗಳಿಗೆ ಇಳಿಸಲು ನೆರವಾಯಿತು. ಇಂದು ಅದಕ್ಕೂ ಐಸೋನಿಯಾಜಿಡ್‌ಗೂ ಒಟ್ಟಿಗೆ ಜಗ್ಗದ ಕ್ರಿಮಿಗಳಿವೆ. ಅವಕ್ಕೂ ಹೊಸ ಮದ್ದುಗಳಿವೆಯೆಂಬುದು ಸಮಾಧಾನದ ಸಂಗತಿ. ಆದರೆ ಅವುಗಳ ಆಯುಸ್ಸೂ ನಮ್ಮ ಕೈಯಲ್ಲಿಯೇ ಇದೆ. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಯಾರಾದರೂ ಈ ಚಿಕಿತ್ಸೆಯಲ್ಲಿದ್ದರೆ, ವೈದ್ಯರು ಸಾಕೆನ್ನುವವರೆಗೂ ಮದ್ದು ತಪ್ಪದಂತೆ ನೋಡಿಕೊಳ್ಳಿ.