ಕಾಯಿದೆಯಲ್ಲಿ ನರ್ಸ್ ಎಲ್ಲಿದ್ದಳು?

ನಿಮ್ಮ ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಅವರ ತೋಳು ನೋಡಿ. ಅಲ್ಲೊಂದು ಅಗಲವಾದ ಹಳೇ ಕಲೆ ಇರುತ್ತದೆ. ಸಿಡುಬಿಗೆ ದಾಕು ಹಾಕಿಸಿದ ಗುರುತು ಅದು. ನಮ್ಮ ವಯಸ್ಸಿನವರಿಗೆ ಅದರ ಅಗತ್ಯವೇ ಬೀಳಲಿಲ್ಲ. ಭಾರತದಲ್ಲಿ ಸಿಡುಬಿನ ಕೊನೆಯ ಕೇಸು ಸಿಕ್ಕಿದ್ದು 1975ರಲ್ಲಿ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆ, ಈ ರೋಗ ಭೂಮಿಯಿಂದಲೇ ತೊಲಗಿತು ಅಂತ ಸಾರಿತು.

ರೋಗವೇನೋ ಹೋಯಿತು, ವೈರಸ್ ಹೋಗಲಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ ಒಂದಷ್ಟು, ರಷ್ಯಾದಲ್ಲಿ ಒಂದಷ್ಟು ಫ್ರೀಜರಿನಲ್ಲಿ ಉಳಿದುಕೊಂಡಿತು. 1992ರಲ್ಲಿ ಸೋವಿಯತ್ ಜೈವಿಕ ಅಸ್ತ್ರ ಯೋಜನೆಯ ಹಿರಿಯ ಅಧಿಕಾರಿ ಕೆನ್ ಅಲಿಬೆಕ್ ಅಮೆರಿಕಕ್ಕೆ ಬಂದು, ತಮ್ಮವರು ಸಿಡುಬನ್ನೇ ಅಸ್ತ್ರ ಮಾಡಿಕೊಂಡಿದ್ದರು ಅಂತ ಹೇಳಿದ. ಅಮೆರಿಕನ್ನರು ಮಕ್ಕಳಿಗೆ ಈ ಲಸಿಕೆ ಹಾಕುವುದನ್ನು 1972ರಲ್ಲೇ ನಿಲ್ಲಿಸಿದ್ದರು. ಅಂದರೆ ಒಂದು ಇಡೀ ತಲೆಮಾರಿಗೆ ರಕ್ಷಣೆಯೇ ಇರಲಿಲ್ಲ.

2001ರ ಜೂನ್‌ನಲ್ಲಿ ವಾಷಿಂಗ್ಟನ್ ಪಕ್ಕದ ಆಂಡ್ರೂಸ್ ವಾಯುನೆಲೆಯಲ್ಲಿ 'ಡಾರ್ಕ್ ವಿಂಟರ್' ಅನ್ನೋ ಅಣಕು ಕಸರತ್ತು ನಡೆಯಿತು. ಮಾಜಿ ಸೆನೆಟರ್ ಸ್ಯಾಮ್ ನನ್ ಅಧ್ಯಕ್ಷನ ಪಾತ್ರದಲ್ಲಿ ಕೂತಿದ್ದರು. ಕಥೆಯಲ್ಲಿ ಸಿಡುಬು ಒಕ್ಲಹೋಮ ನಗರದಲ್ಲಿ ಕಾಣಿಸಿಕೊಂಡು ಬೇರೆ ರಾಜ್ಯಗಳಿಗೆ ಹರಡುತ್ತದೆ, ಲಸಿಕೆ ಮುಗಿದುಹೋಗುತ್ತದೆ. ಆಗ ಮೇಜಿನ ಸುತ್ತ ಎದ್ದದ್ದು ಬರೀ ವೈದ್ಯಕೀಯ ಪ್ರಶ್ನೆಗಳಲ್ಲ. ಜನರನ್ನು ಮನೆಯೊಳಗೆ ಕೂಡಿಹಾಕುವ ಅಧಿಕಾರ ಯಾರಿಗಿದೆ? ರಾಜ್ಯಕ್ಕೋ, ಕೇಂದ್ರಕ್ಕೋ? ಒಬ್ಬ ರಾಜ್ಯಪಾಲ ಗಡಿ ಮುಚ್ಚಿದರೆ ಏನು ಮಾಡೋದು?

ಮೂರು ತಿಂಗಳಿಗೆ ಅವಳಿ ಗೋಪುರ ಬಿದ್ದವು. ಬೆನ್ನಿಗೇ ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಬಂತು, ಐದು ಜನ ಸತ್ತರು. ಅಣಕು ಆಟ ಈಗ ಆಟವಾಗಿ ಉಳಿಯಲಿಲ್ಲ.

ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಮುಖ್ಯವಾಗಿ ರಾಜ್ಯಗಳ ಕೆಲಸ. ಅವುಗಳ ಕಾಯಿದೆಗಳೋ ಹಳೆಯವು, ಒಂದರಂತೆ ಇನ್ನೊಂದಿಲ್ಲ. ಹಾಗಾಗಿ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಗಾಸ್ಟಿನ್ ಮತ್ತವರ ತಂಡ 2001ರ ಅಕ್ಟೋಬರ್‌ನಲ್ಲೇ ಒಂದು ಮಾದರಿ ಕಾಯಿದೆಯ ಕರಡು ಮುಂದಿಟ್ಟಿತು. ರಾಜ್ಯಪಾಲ ತುರ್ತುಸ್ಥಿತಿ ಘೋಷಿಸಬಹುದು, ಸೋಂಕಿತರನ್ನು ಬೇರೆ ಇಡಬಹುದು, ಆಸ್ಪತ್ರೆಗಳನ್ನು ವಶಕ್ಕೆ ತೆಗೆದುಕೊಳ್ಳಬಹುದು, ಲಸಿಕೆ ಬೇಡ ಅಂದವರನ್ನು ಕ್ವಾರಂಟೈನ್‌ಗೆ ಕಳಿಸಬಹುದು. ಎಡದವರೂ ಬಲದವರೂ ಒಟ್ಟಿಗೆ ಕೂಗೆಬ್ಬಿಸಿದರು. ಇಷ್ಟು ಅಧಿಕಾರ ಕೊಟ್ಟರೆ ವಾಪಸ್ ತಗೊಳ್ಳೋದು ಹೇಗೆ ಅನ್ನೋದು ಅವರ ಅಳುಕು. ಆದರೂ ಎಷ್ಟೋ ರಾಜ್ಯಗಳು ಈ ಕರಡಿನಿಂದ ತಮಗೆ ಬೇಕಾದ ಭಾಗ ಎತ್ತಿಕೊಂಡವು.

ಈ ಅಳುಕಿಗೆ ಕಾರಣವಿತ್ತು. 1902ರಲ್ಲಿ ಬಾಸ್ಟನ್ ಪಕ್ಕದ ಕೇಂಬ್ರಿಜ್ ಊರಿನಲ್ಲಿ ಸಿಡುಬು ಬಂದಾಗ ಎಲ್ಲರೂ ದಾಕು ಹಾಕಿಸಿಕೊಳ್ಳಬೇಕು ಅಂತ ಆಜ್ಞೆಯಾಯಿತು. ಹೆನ್ನಿಂಗ್ ಜೇಕಬ್ಸನ್ ಅನ್ನೋ ಪಾದ್ರಿ ಒಲ್ಲೆ ಅಂದ. ಚಿಕ್ಕವನಿದ್ದಾಗ ದಾಕಿನಿಂದ ತುಂಬಾ ಒದ್ದಾಡಿದ್ದೆ ಅನ್ನೋದು ಅವನ ವಾದ. ಬಿದ್ದ ದಂಡ ಐದು ಡಾಲರ್. ಅದನ್ನು ಕಟ್ಟದೆ ಸುಪ್ರೀಂ ಕೋರ್ಟಿನ ತನಕ ಹೋದ. 1905ರಲ್ಲಿ ಏಳು ನ್ಯಾಯಮೂರ್ತಿಗಳು ಸರ್ಕಾರದ ಪರ, ಇಬ್ಬರು ವಿರುದ್ಧ. ಊರಿನ ಕ್ಷೇಮಕ್ಕಾಗಿ ಒಬ್ಬನ ಸ್ವಾತಂತ್ರ್ಯಕ್ಕೆ ಮಿತಿ ಹಾಕಬಹುದು ಅಂತ ತೀರ್ಪಾಯಿತು. ಗಮನಿಸಿ, ಯಾರೂ ಜೇಕಬ್ಸನ್ನನನ್ನು ಹಿಡಿದು ಸೂಜಿ ಚುಚ್ಚಲಿಲ್ಲ. ಶಿಕ್ಷೆ ಬರೀ ದಂಡ. ಆದರೆ 1927ರಲ್ಲಿ ಅದೇ ಕೋರ್ಟು 'ಬುದ್ಧಿಮಾಂದ್ಯರು' ಅಂತ ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಸರಿ ಅನ್ನುವಾಗ ಆಧಾರಕ್ಕೆ ತೆಗೆದುಕೊಂಡದ್ದು ಈ ಸಿಡುಬಿನ ತೀರ್ಪನ್ನೇ.

ಬಲವಂತ ಮಾಡಬಹುದಾ ಅನ್ನೋದು ಒಂದು ಪ್ರಶ್ನೆ. ಲಸಿಕೆಯಿಂದಲೇ ತೊಂದರೆಯಾದರೆ ಯಾರು ನೋಡಿಕೊಳ್ಳಬೇಕು ಅನ್ನೋದು ಇನ್ನೊಂದು. ಕೊನೆಗೆ ಯೋಜನೆ ಎಡವಿದ್ದು ಹೆಚ್ಚಾಗಿ ಈ ಎರಡನೆಯದರಲ್ಲಿ.

ಪಾಠ ಮೊದಲೇ ಆಗಿತ್ತು. 1976ರಲ್ಲಿ ಹಂದಿಜ್ವರದ ಭಯಕ್ಕೆ ಅಧ್ಯಕ್ಷ ಫೋರ್ಡ್ ಇಡೀ ದೇಶಕ್ಕೆ ಲಸಿಕೆ ಅಂದರು. ವಿಮಾ ಕಂಪನಿಗಳು ಕೈಯೆತ್ತಿದವು. ತಯಾರಕರ ಮೇಲೆ ಬರುವ ದಾವೆಗಳನ್ನು ಸರ್ಕಾರವೇ ಹೊರಬೇಕಾಯಿತು. ನಾಲ್ಕು ಕೋಟಿಗೂ ಹೆಚ್ಚು ಜನ ಚುಚ್ಚಿಸಿಕೊಂಡರು, ಬರುತ್ತದೆ ಅಂದಿದ್ದ ಸಾಂಕ್ರಾಮಿಕ ಬರಲೇ ಇಲ್ಲ. ಕೆಲವರಿಗೆ ಗಿಯಾನ್-ಬಾರೆ ಅನ್ನೋ ನರದೌರ್ಬಲ್ಯ ಕಾಣಿಸಿಕೊಂಡು, ಡಿಸೆಂಬರ್‌ನಲ್ಲಿ ಯೋಜನೆಯನ್ನೇ ನಿಲ್ಲಿಸಿದರು.

ಸಿಡುಬಿನ ಲಸಿಕೆ ಅದಕ್ಕಿಂತ ಒರಟು. ಅದರಲ್ಲಿರುವುದು ಜೀವಂತ ವೈರಸ್. ಮೊದಲ ಸಲ ಹಾಕಿಸಿಕೊಳ್ಳುವ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರು ಸಾಯಬಹುದು, ಹದಿನಾಲ್ಕರಿಂದ ಐವತ್ತೆರಡು ಜನರಿಗೆ ಜೀವಕ್ಕೆ ಕುತ್ತು ಬರಬಹುದು ಅನ್ನೋದು ಆಗಿನ ಅಧಿಕೃತ ಲೆಕ್ಕ. ತೋಳಿನ ಗಾಯದಿಂದ ಮನೆಯವರಿಗೂ ರೋಗಿಗೂ ಅಂಟಬಹುದು. ರೋಗ ಎದುರಿಗಿದ್ದರೆ ಇದು ದೊಡ್ಡ ಮಾತಲ್ಲ. ರೋಗ ಎಲ್ಲೂ ಇಲ್ಲದಿರುವಾಗ?

2002ರ ಡಿಸೆಂಬರ್ 13ರಂದು ಅಧ್ಯಕ್ಷ ಬುಷ್ ಯೋಜನೆ ಪ್ರಕಟಿಸಿದರು. ಸೈನಿಕರಿಗೆ ಕಡ್ಡಾಯ, ಸುಮಾರು 5 ಲಕ್ಷ ಆರೋಗ್ಯ ಸಿಬ್ಬಂದಿಗೆ ಸ್ವಇಚ್ಛೆ. ಅದರ ಹಿಂದಿನ ತಿಂಗಳಷ್ಟೇ ಬಂದಿದ್ದ ಹೋಂಲ್ಯಾಂಡ್ ಸೆಕ್ಯುರಿಟಿ ಕಾಯಿದೆಯ 304ನೇ ಸೆಕ್ಷನ್ ಲಸಿಕೆ ತಯಾರಿಸುವವರಿಗೂ ಹಾಕುವ ಸಂಸ್ಥೆಗಳಿಗೂ ರಕ್ಷಣೆ ಕೊಟ್ಟಿತ್ತು. ತೋಳು ಚಾಚುವ ನರ್ಸ್‌ಗೆ? ಯಾರದೋ ನಿರ್ಲಕ್ಷ್ಯದಿಂದಲೇ ತೊಂದರೆಯಾಯಿತು ಅಂತ ಸರ್ಕಾರದ ವಿರುದ್ಧ ಕೇಸು ಹಾಕಿ ಸಾಬೀತು ಮಾಡಬೇಕು. ಯಾರ ತಪ್ಪೂ ಇಲ್ಲದೆ, ಲಸಿಕೆಯ ಗುಣದಿಂದಲೇ ಹೃದಯಕ್ಕೆ ತೊಂದರೆಯಾದರೆ ಕೊಡಲು ನಿಧಿಯೇ ಇರಲಿಲ್ಲ. ಕಾರ್ಮಿಕ ವಿಮೆಯೋ, ಅದು ರಾಜ್ಯಕ್ಕೊಂದು ಥರ.

ನರ್ಸ್‌ಗಳ ಸಂಘಟನೆಗಳು ಸ್ವಲ್ಪ ನಿಲ್ಲಿಸಿ ಅಂದವು. ಅಟ್ಲಾಂಟಾದ ಗ್ರೇಡಿ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗಳು ನಾವು ಬರಲ್ಲ ಅಂದವು. ಆದರೂ 2003ರ ಜನವರಿ 24ರಂದು ಲಸಿಕೆ ಶುರುವಾಯಿತು. ಮಾರ್ಚ್‌ನಲ್ಲಿ ಹೃದಯದ ಉರಿಯೂತದ ಕೇಸುಗಳು ವರದಿಯಾದವು. ಪರಿಹಾರದ ಕಾಯಿದೆಗೆ ಸಹಿ ಬಿದ್ದದ್ದು ಏಪ್ರಿಲ್ 30ಕ್ಕೆ. ಅಷ್ಟರಲ್ಲಿ ಸಾಲು ಖಾಲಿಯಾಗಿತ್ತು. 5 ಲಕ್ಷದ ಗುರಿಯಲ್ಲಿ ಕೊನೆಗೆ ಹಾಕಿಸಿಕೊಂಡವರು 40 ಸಾವಿರದ ಆಸುಪಾಸು. ಸೋಲಿಗೆ ಕಾಯಿದೆ ಒಂದೇ ಕಾರಣವಲ್ಲ. ಇರಾಕ್ ಯುದ್ಧದ ಹೊತ್ತಲ್ಲಿ, ಈ ಭಯ ನಿಜವೋ ರಾಜಕೀಯವೋ ಅನ್ನೋ ಅನುಮಾನವೂ ಇತ್ತು. ಆದರೆ ಕಂಪನಿಗೆ ನವೆಂಬರ್‌ನಲ್ಲೇ ಸಿಕ್ಕ ಭರವಸೆ ನರ್ಸ್‌ಗೆ ಏಪ್ರಿಲ್ ತನಕ ಸಿಗದಿದ್ದಾಗ, ಆ ಅನುಮಾನ ಬೆಳೆಯದೆ ಇನ್ನೇನಾಗುತ್ತದೆ?

2005ರಲ್ಲಿ ಪ್ರೆಪ್ ಕಾಯಿದೆ ಬಂತು. ತಯಾರಕರಿಗೆ ರಕ್ಷಣೆ, ಜತೆಗೆ ತೊಂದರೆಯಾದವರಿಗೊಂದು ಪರಿಹಾರ ನಿಧಿ. 2020ರಲ್ಲಿ ಕೋವಿಡ್‌ಗೆ ಅನ್ವಯಿಸಿದ್ದು ಇದನ್ನೇ. ಲಸಿಕೆ ಹಾಕಿಸಿಕೊಂಡ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಸಾವಿರಾರು ಅರ್ಜಿ ಬಂದವು, ದುಡ್ಡು ಸಿಕ್ಕವರು ತೀರಾ ಕಡಿಮೆ. ಕಂಪನಿಗೆ ಕೊಟ್ಟ ರಕ್ಷಣೆ ಮಾತ್ರ ಮೊದಲ ದಿನದಿಂದಲೇ ಜಾರಿ.

ನಮ್ಮದೇನು ಭಿನ್ನ? ಮುಂಬಯಿಯ ಪ್ಲೇಗಿಗೆಂದು ಬ್ರಿಟಿಷರು ತಂದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೇ ಕೋವಿಡ್ ಬಂದಾಗಲೂ ಕೈಗೆತ್ತಿಕೊಂಡೆವು. ಮೂಲದಲ್ಲಿ ಇದ್ದದ್ದು ನಾಲ್ಕೇ ಸೆಕ್ಷನ್. ಸರ್ಕಾರಕ್ಕೆ ಅಧಿಕಾರ, ಮಾತು ಕೇಳದವನಿಗೆ ಶಿಕ್ಷೆ, ಸದುದ್ದೇಶದಿಂದ ಕೆಲಸ ಮಾಡಿದ ಅಧಿಕಾರಿಗೆ ರಕ್ಷಣೆ. ಸರ್ಕಾರದ ಮಾತು ಕೇಳಿ ನೋವುಂಡವನ ಬಗ್ಗೆ ಒಂದು ಸಾಲೂ ಇಲ್ಲ.

ಸರ್ಕಾರಗಳು ತುರ್ತುಸ್ಥಿತಿಗೆ ಸಿದ್ಧವಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಫ್ರೀಜರಿನ ವೈರಸ್ ಇವತ್ತಿಗೂ ಅಲ್ಲೇ ಇದೆ. ಆದರೆ ಮುಂದಿನ ಕಾಯಿದೆಯ ಕರಡು ಬಂದಾಗ, ಯಾರನ್ನು ಕೂಡಿಹಾಕಬಹುದು ಅನ್ನೋ ಪುಟದ ಜತೆ ಪರಿಹಾರದ ಪುಟವನ್ನೂ ತೆಗೆದು ನೋಡಿ. ಮೊದಲು ತೋಳು ಚಾಚುವವರ ಹೆಸರು ಅಲ್ಲಿರದಿದ್ದರೆ, ಕರಡು ಬರೆದವರ ಕೆಲಸ ಇನ್ನೂ ಮುಗಿದಿಲ್ಲ ಅಂತಲೇ ಅರ್ಥ.