ಮನೆಯಲ್ಲೇ ಕಂಪ್ಯೂಟರ್ ಜೋಡಿಸ್ತೀರಾ? ಭಾಗ ಕೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಮಂಗಳೂರು: ಅಂಗಡಿಯ ಬಿಲ್ಲಿಂಗ್‌ಗೆ, ಮಕ್ಕಳ ಓದಿಗೆ ಒಂದು ಡೆಸ್ಕ್‌ಟಾಪ್ ಬೇಕು, ಆದರೆ ಕಂಪನಿ ಸೆಟ್ ಕೊಳ್ಳುವಷ್ಟು ದುಡ್ಡಿಲ್ಲ ಎನ್ನುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಭಾಗಗಳನ್ನು ಬಿಡಿಬಿಡಿಯಾಗಿ ತಂದು ಮನೆಯಲ್ಲೇ ಜೋಡಿಸುವುದು ಅವರಿಗೆ ಒಂದು ದಾರಿ. ಜೋಡಿಸುವ ಕೆಲಸ ದೊಡ್ಡದಲ್ಲ. ಒಂದು ಸ್ಟಾರ್ ಸ್ಕ್ರೂಡ್ರೈವರ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಕಷ್ಟ ಇರುವುದು ಒಂದಕ್ಕೊಂದು ಹೊಂದುವ ಭಾಗ ಆರಿಸುವುದರಲ್ಲಿ. ಅಲ್ಲಿ ತಪ್ಪಿದರೆ ದುಡ್ಡು ಹೋಯಿತು.

ನನ್ನದೇ ಕಥೆ ಹೇಳ್ತೇನೆ. ಡಿಗ್ರಿ ಅರ್ಧಕ್ಕೆ ಬಿಟ್ಟು ಸುದ್ದಿ ಕೆಲಸಕ್ಕೆ ಬಂದ ಮೇಲೆ ಎಂಟು ತಿಂಗಳು ಉಳಿಸಿದ ದುಡ್ಡಲ್ಲಿ ಮೊದಲ ಕಂಪ್ಯೂಟರ್‌ಗೆ ಭಾಗ ತಂದೆ. ಪ್ರೊಸೆಸರ್ ಇಂಟೆಲ್ ಐ3-12100ಎಫ್. ಎಫ್ ಇಲ್ಲದ್ದಕ್ಕಿಂತ ಕಡಿಮೆ ದರ, ಹಾಗಾಗಿ ಅದನ್ನೇ ತಗೊಂಡೆ. ಜೋಡಿಸಿ ಸ್ವಿಚ್ ಹಾಕಿದರೆ ಫ್ಯಾನ್ ತಿರುಗ್ತದೆ, ಲೈಟ್ ಉರಿತದೆ, ಮಾನಿಟರ್ ಮಾತ್ರ ಕಪ್ಪು. ಮೂರು ರಾತ್ರಿ ರ‍್ಯಾಮ್ ತೆಗೆದು ಹಾಕಿ, ಕೇಬಲ್ ಬದಲಿಸಿ ನೋಡಿದೆ. "ದುಡ್ಡೆಲ್ಲ ನೀರಿಗೆ ಹಾಕಿದಿಯಲ್ಲ ಮಗಾ" ಅಂದರು ಅಮ್ಮ. ಕೊನೆಗೆ ರಿಪೇರಿ ಮಾಡುವವರೊಬ್ಬರು ಬಾಕ್ಸ್ ನೋಡಿಯೇ ಹೇಳಿದರು: "ಇದರಲ್ಲಿ ಎಫ್ ಉಂಟಲ್ಲ ಮಾರಾಯ, ಇದಕ್ಕೆ ಗ್ರಾಫಿಕ್ಸ್ ಇಲ್ಲ." ಸೀಲ್ ಒಡೆದ ಪ್ರೊಸೆಸರ್ ಯಾರೂ ವಾಪಸ್ ತಗೊಳ್ಳುವುದಿಲ್ಲ. ನಷ್ಟಕ್ಕೆ ಮಾರಿ, ಎಫ್ ಇಲ್ಲದ್ದನ್ನು ತಂದೆ. ಒಂದು ಭಾಗವೂ ಕೆಟ್ಟಿರಲಿಲ್ಲ. ಒಂದಕ್ಕೊಂದು ಹೊಂದುತ್ತಿರಲಿಲ್ಲ, ಅಷ್ಟೆ.

ಆದ್ದರಿಂದ ಹೇಳುವುದು ಒಂದೇ ಮಾತು: ಎಲ್ಲ ಭಾಗದ ಪೂರ್ತಿ ಮಾಡೆಲ್ ನಂಬರ್ ಒಂದು ಕಾಗದದಲ್ಲಿ ಬರೆದು, ಹೊಂದುತ್ತದಾ ನೋಡಿ, ಆಮೇಲೆ ಮೊದಲ ರೂಪಾಯಿ ಕೊಡಿ.

ಮೊದಲು ಕೆಲಸ ಯಾವುದು ಹೇಳಿ

ಬಿಲ್ಲಿಂಗ್, ಟ್ಯಾಲಿ, ಜಿಎಸ್‌ಟಿ ರಿಟರ್ನ್, ಆನ್‌ಲೈನ್ ಕ್ಲಾಸ್, ಕೋಡಿಂಗ್ ಕಲಿಕೆ ಇಷ್ಟಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ಸಾಕು. ದೊಡ್ಡ ಗೇಮ್, ದಿನವಿಡೀ ವಿಡಿಯೊ ಎಡಿಟಿಂಗ್ ಇದ್ದರೆ ಮಾತ್ರ ಕಾರ್ಡ್ ಯೋಚನೆ ಮಾಡಿ. ಕಾರ್ಡ್ ಬಿಟ್ಟರೆ ಎಸ್‌ಎಂಪಿಎಸ್ ಖರ್ಚೂ ಇಳಿಯುತ್ತದೆ.

ಪ್ರೊಸೆಸರ್ ಮತ್ತು ಮದರ್‌ಬೋರ್ಡ್

ಇವೆರಡು ಬೀಗ ಮತ್ತು ಬೀಗದಕೈ ಇದ್ದ ಹಾಗೆ. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ. ಈಗ ಪೇಟೆಯಲ್ಲಿ ಸಿಗುವವು ಮುಖ್ಯವಾಗಿ ಇವು:

* ಎಎಂಡಿ ಎಎಂ4: ರೈಜನ್ 5000 ಸರಣಿಯವರೆಗೆ. ಡಿಡಿಆರ್4 ರ‍್ಯಾಮ್ ಮಾತ್ರ.
* ಎಎಂಡಿ ಎಎಂ5: 2022ರಲ್ಲಿ ಬಂದದ್ದು. ರೈಜನ್ 7000 ಮತ್ತು ನಂತರದವು. ಡಿಡಿಆರ್5 ಮಾತ್ರ.
* ಇಂಟೆಲ್ ಎಲ್‌ಜಿಎ 1700: 12, 13, 14ನೇ ಜನರೇಶನ್. ಬೋರ್ಡ್ ನೋಡಿಕೊಂಡು ಡಿಡಿಆರ್4 ಅಥವಾ ಡಿಡಿಆರ್5.
* ಇಂಟೆಲ್ ಎಲ್‌ಜಿಎ 1851: 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿ. ಡಿಡಿಆರ್5 ಮಾತ್ರ.

ಸಾಕೆಟ್ ಒಂದೇ ಇದ್ದರೂ ಕೆಲವೊಮ್ಮೆ ನಡೆಯುವುದಿಲ್ಲ. ಬಿ450 ಬೋರ್ಡಿನ ಹಳೆಯ ಸ್ಟಾಕ್‌ಗೆ ರೈಜನ್ 5000 ಹಾಕಿದರೆ, ಎಚ್610 ಹಳೆಯ ಸ್ಟಾಕ್‌ಗೆ 14ನೇ ಜನರೇಶನ್ ಹಾಕಿದರೆ ಬಯೋಸ್ ಅಪ್‌ಡೇಟ್ ಆಗುವವರೆಗೆ ಆನ್ ಆಗದೇ ಇರಬಹುದು. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಸಿಪಿಯು ಸಪೋರ್ಟ್ ಲಿಸ್ಟ್ ಇರುತ್ತದೆ. ನಿಮ್ಮ ಪ್ರೊಸೆಸರ್‌ನ ಎದುರು ಬಯೋಸ್ ವರ್ಶನ್ ಬರೆದಿರುತ್ತಾರೆ. "ಈ ಬೋರ್ಡಿಗೆ ಈ ಬಯೋಸ್ ಹಾಕಿಯೇ ಕೊಡಿ" ಎಂದು ಅಂಗಡಿಯಲ್ಲೇ ಕೇಳಿ. ಅವರ ಹತ್ತಿರ ಹಳೆಯ ಪ್ರೊಸೆಸರ್ ಇರುತ್ತದೆ, ಹಾಕಿಕೊಡ್ತಾರೆ.

ಇನ್ನು ಆ ಅಕ್ಷರದ ವಿಷಯ. ಇಂಟೆಲ್‌ನಲ್ಲಿ ನಂಬರಿನ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲ. ಎಎಂ4ನಲ್ಲಿ ಉಲ್ಟಾ: ಜಿ ಇದ್ದರೆ ಮಾತ್ರ ಗ್ರಾಫಿಕ್ಸ್ ಉಂಟು. ಅಂದರೆ ರೈಜನ್ 5 5600ಜಿಯಲ್ಲಿ ಚಿತ್ರ ಬರ್ತದೆ, ಬರೀ 5600ರಲ್ಲಿ ಬರುವುದಿಲ್ಲ.

ರ‍್ಯಾಮ್

ಡಿಡಿಆರ್4, ಡಿಡಿಆರ್5 ನೋಡಲು ಒಂದೇ ತರ. ಎರಡಕ್ಕೂ 288 ಪಿನ್. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿ ಉಂಟು, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ. ಲ್ಯಾಪ್‌ಟಾಪ್‌ನ ಗಿಡ್ಡ ರ‍್ಯಾಮ್ ಡೆಸ್ಕ್‌ಟಾಪ್‌ಗೆ ಆಗುವುದಿಲ್ಲ.

16 ಜಿಬಿ ಬೇಕಾದರೆ ಒಂದೇ ಸ್ಟಿಕ್‌ಗಿಂತ 8 ಜಿಬಿಯ ಎರಡು ಒಳ್ಳೆಯದು. ಎರಡು ದಾರಿಯಲ್ಲಿ ಡೇಟಾ ಹೋಗುವುದರಿಂದ ಒಳಗಿನ ಗ್ರಾಫಿಕ್ಸ್‌ಗೆ ಶಕ್ತಿ ಬರ್ತದೆ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಗೆ ರ‍್ಯಾಮ್ ದರ ಜೋರು ಏರಿತು. ಬಿಲ್ಲಿಂಗ್ ಕೆಲಸಕ್ಕಾದರೆ ಈಗ 8 ಜಿಬಿ ಒಂದು ಹಾಕಿ, ದರ ಇಳಿದಾಗ ಇನ್ನೊಂದು ಸೇರಿಸಬಹುದು. ಅದಕ್ಕೆ ಬೋರ್ಡಿನಲ್ಲಿ ಖಾಲಿ ಸ್ಲಾಟ್ ಬೇಕು, ನೋಡಿಕೊಳ್ಳಿ.

ಎಸ್‌ಎಸ್‌ಡಿ

ಎಂ.2 ಎಸ್‌ಎಸ್‌ಡಿ ಎಂದರೆ ಆಕಾರದ ಹೆಸರು ಮಾತ್ರ. ಅದರಲ್ಲಿ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ. ಕೆಲವು ಬೋರ್ಡಿನ ಸ್ಲಾಟ್ ಎನ್‌ವಿಎಂಇ ಮಾತ್ರ ತೆಗೆದುಕೊಳ್ಳುತ್ತದೆ. 2280 ಎಂದು ಬರೆದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ. ಹಳೆಯ ಕಂಪ್ಯೂಟರಿನ ಸಾಟಾ ಹಾರ್ಡ್‌ಡಿಸ್ಕ್ ಬಿಸಾಡಬೇಡಿ. ಫೋಟೊ, ಹಳೆಯ ಲೆಕ್ಕ ಇಡಲು ಅದನ್ನೇ ಹೊಸದಕ್ಕೆ ಸಿಕ್ಕಿಸಬಹುದು.

ಎಸ್‌ಎಂಪಿಎಸ್‌ನಲ್ಲಿ ಜಿಪುಣತನ ಬೇಡ

ಕ್ಯಾಬಿನೆಟ್ ಜತೆ ಫ್ರೀ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡ. ಅದು ಹೋಗುವಾಗ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಐ3-12100 ಪೂರ್ತಿ ಓಡುವಾಗಲೂ ಅದರ ಮಿತಿ 89 ವ್ಯಾಟ್. ಕಾರ್ಡ್ ಇಲ್ಲದ ಸೆಟ್‌ಗೆ ಒಳ್ಳೆಯ ಕಂಪನಿಯ 450 ವ್ಯಾಟ್ ಧಾರಾಳ. ಕಾರ್ಡ್ ಹಾಕುವವರು ಲೆಕ್ಕ ಹೀಗೆ ಹಿಡಿಯಿರಿ: ಸ್ಲಾಟ್‌ನಿಂದ 75 ವ್ಯಾಟ್, 6 ಪಿನ್ ವೈರಿನಿಂದ 75, 8 ಪಿನ್ ವೈರಿನಿಂದ 150. ಕಾರ್ಡ್ ಕೇಳುವ ವೈರು ಎಸ್‌ಎಂಪಿಎಸ್‌ನಲ್ಲಿ ಇಲ್ಲದಿದ್ದರೆ ಆ ಕಾರ್ಡ್ ಬೇಡ. ವೈರು ಬಿಚ್ಚಿ ತೆಗೆಯುವ ಮಾಡ್ಯುಲರ್ ಎಸ್‌ಎಂಪಿಎಸ್ ಆದರೆ ಒಂದು ಕಂಪನಿಯ ವೈರು ಇನ್ನೊಂದಕ್ಕೆ ಹಾಕಲೇಬೇಡಿ. ಸಿಕ್ಕಿಸಲು ಆಗ್ತದೆ, ಆದರೆ ಒಳಗಿನದ್ದು ಸುಟ್ಟು ಹೋಗಬಹುದು.

ಕ್ಯಾಬಿನೆಟ್, ಕೂಲರ್, ಮಾನಿಟರ್

ಬಜೆಟ್ ಬೋರ್ಡ್ ಹೆಚ್ಚಾಗಿ ಮೈಕ್ರೊ ಎಟಿಎಕ್ಸ್, ದೊಡ್ಡದೆಂದರೆ 244 ಮಿ.ಮೀ. ಚೌಕ. ಅದು ದೊಡ್ಡ ಎಟಿಎಕ್ಸ್ ಕ್ಯಾಬಿನೆಟ್‌ನಲ್ಲೂ ಕೂರ್ತದೆ. ಎಟಿಎಕ್ಸ್ ಬೋರ್ಡ್ ಸಣ್ಣ ಕ್ಯಾಬಿನೆಟ್‌ನಲ್ಲಿ ಕೂರುವುದಿಲ್ಲ. ಐ3-12100, 5600ಜಿ ಬಾಕ್ಸ್‌ನಲ್ಲಿ ಕೂಲರ್ ಬರುತ್ತದೆ. ಬಾಕ್ಸ್ ಇಲ್ಲದ ಟ್ರೇ ಪ್ರೊಸೆಸರ್‌ಗೆ ಕೂಲರ್ ಬೇರೆ ಕೊಳ್ಳಬೇಕು, ಬಾಕ್ಸ್ ಪೀಸ್‌ಗೆ ಸಿಗುವ ಕಂಪನಿಯ 3 ವರ್ಷದ ವಾರಂಟಿಯೂ ಅದಕ್ಕೆ ಇರುವುದಿಲ್ಲ.

ಮನೆಯಲ್ಲಿ ಹಳೆಯ ವಿಜಿಎ ಮಾನಿಟರ್ ಇದ್ದರೆ ವಿಜಿಎ ಪೋರ್ಟ್ ಇರುವ ಬೋರ್ಡನ್ನೇ ಕೇಳಿ, ಮಾನಿಟರ್ ಖರ್ಚು ಉಳಿಯಿತು. ಕಡಿಮೆ ದರದ ಬೋರ್ಡ್‌ಗಳಲ್ಲಿ ವೈ-ಫೈ ಸಾಮಾನ್ಯವಾಗಿ ಇರುವುದಿಲ್ಲ. ಲ್ಯಾನ್ ಕೇಬಲ್ ಎಳೆಯಬೇಕು, ಇಲ್ಲವೇ ಯುಎಸ್‌ಬಿ ಡಾಂಗಲ್ ಕೊಳ್ಳಬೇಕು. ಇದನ್ನು ಬಜೆಟ್‌ನಲ್ಲಿ ಸೇರಿಸಲು ಎಲ್ಲರೂ ಮರೆಯುತ್ತಾರೆ.

ನಮ್ಮೂರಿನ ಕರೆಂಟು, ಮಳೆ, ಸಿಡಿಲು

ಹೊರಗಿನವರ ವಿಡಿಯೊಗಳಲ್ಲಿ ಇದು ಸಿಗುವುದಿಲ್ಲ. ಇಲ್ಲಿ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು, ಬರುವುದು ಹೊಸತಲ್ಲ. ಆದ್ದರಿಂದ ಯುಪಿಎಸ್‌ಗೂ ದುಡ್ಡು ತೆಗೆದಿಡಿ. 600 ವಿಎ ಯುಪಿಎಸ್ ಎಂದರೆ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಕಾರ್ಡ್ ಇಲ್ಲದ ಸೆಟ್ ಮತ್ತು ಮಾನಿಟರ್‌ಗೆ ಸಾಕು, ಬಿಲ್ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗ್ತದೆ. ಲೇಸರ್ ಪ್ರಿಂಟರ್ ಅದಕ್ಕೆ ಸಿಕ್ಕಿಸಬೇಡಿ.

ಹಳೆಯ ಹಂಚಿನ ಮನೆಯಾದರೆ ಅರ್ಥಿಂಗ್ ಮೊದಲು ನೋಡಿಸಿ. ಕೆಲವು ಕಡೆ ಪ್ಲಗ್ಗಿಗೆ ಮೂರನೇ ತೂತು ಇರುತ್ತದೆ, ಹಿಂದೆ ತಂತಿ ಇರುವುದಿಲ್ಲ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಎಲೆಕ್ಟ್ರಿಷಿಯನ್ ಕರೆಸಿ. ಗುಡುಗು ಶುರುವಾದರೆ ಪ್ಲಗ್ ಮಾತ್ರ ಅಲ್ಲ, ಇಂಟರ್‌ನೆಟ್‌ನ ಲ್ಯಾನ್ ಕೇಬಲನ್ನೂ ಎಳೆದಿಡಿ. ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಉಳ್ಳಾಲ, ಪಣಂಬೂರು, ಸುರತ್ಕಲ್ ಕಡೆಯ ಉಪ್ಪುಗಾಳಿಗೆ ಸ್ಕ್ರೂ, ಪೋರ್ಟ್ ತುಕ್ಕು ಹಿಡಿಯುತ್ತದೆ. ಸೆಟ್ಟನ್ನು ನೆಲದಿಂದ ಎತ್ತರಕ್ಕೆ, ತೇವದ ಗೋಡೆಯಿಂದ ದೂರ ಇಡಿ. ಮಳೆಗಾಲದಲ್ಲಿ ದಿನಕ್ಕೊಮ್ಮೆಯಾದರೂ ಆನ್ ಮಾಡಿ.

ಎಲ್ಲಿ ಕೊಳ್ಳುವುದು? ಹಳೆಯದು ಕೊಳ್ಳಬಹುದಾ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸ್ವಲ್ಪ ಕಡಿಮೆಗೆ ಸಿಗಬಹುದು. ಆದರೆ ಭಾಗ ಹೊಂದದಿದ್ದರೆ ಬದಲಿಸಲು ಪುನಃ ಘಟ್ಟ ಹತ್ತಬೇಕು. ಮೊದಲ ಸಲ ಜೋಡಿಸುವವರು ಪ್ರೊಸೆಸರ್, ಬೋರ್ಡ್, ರ‍್ಯಾಮ್ ಈ ಮೂರನ್ನು ಒಂದೇ ಅಂಗಡಿಯಲ್ಲಿ, ಆದಷ್ಟು ಹತ್ತಿರದಲ್ಲಿ ಕೊಳ್ಳಿ. ಮೂರನ್ನೂ ಅಲ್ಲೇ ಸೇರಿಸಿ ಒಮ್ಮೆ ಆನ್ ಮಾಡಿ ತೋರಿಸಲು ಕೇಳಿ. ನನಗೆ ಆ ದಿನ ಇದೊಂದು ಬುದ್ಧಿ ಇದ್ದಿದ್ದರೆ ಸಾಕಿತ್ತು.

ಬಿಲ್ ಇಲ್ಲದೆ ಕೊಳ್ಳಬೇಡಿ. ಬಿಡಿಭಾಗಕ್ಕೆ ಜಿಎಸ್‌ಟಿ 18 ಶೇಕಡಾ. ಅದನ್ನು ಉಳಿಸಲು ಹೋದರೆ ವಾರಂಟಿ ಕೇಳುವಾಗ ತೊಂದರೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಕಾಂಪೊಸಿಷನ್‌ನಲ್ಲಿ ಇಲ್ಲದ, ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ಅಂಗಡಿ ಕೆಲಸಕ್ಕೆ ಕೊಂಡರೆ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ, ಇನ್‌ಪುಟ್ ಕ್ರೆಡಿಟ್ ಪಡೆಯಬಹುದು.

ಸೆಕೆಂಡ್ ಹ್ಯಾಂಡ್ ಆದರೆ ಎಚ್ಚರ. ವಿಂಡೋಸ್ 10ಕ್ಕೆ ಕಂಪನಿಯ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ಜನರೇಶನ್ ಅಥವಾ ರೈಜನ್ 2000 ನಂತರದ್ದು ಬೇಕು, ಜತೆಗೆ ಟಿಪಿಎಂ 2.0. "ಐ7 ಉಂಟು, ಅಗ್ಗಕ್ಕೆ ಕೊಡ್ತೇನೆ" ಎಂದರೆ ಎಷ್ಟನೇ ಜನರೇಶನ್ ಕೇಳಿ. ಇಂಟೆಲ್ 6, 7ನೇ ಜನರೇಶನ್‌ನ ಬೋರ್ಡಿಗೆ 8, 9ನೇದು ಹಾಕಿದರೆ ಸಾಕೆಟ್ ಹೆಸರು 1151 ಎಂದೇ ಇದ್ದರೂ ಓಡುವುದಿಲ್ಲ. ಇಂಟೆಲ್‌ನಲ್ಲಿ ಬೋರ್ಡಿನ ಪಿನ್, ಎಎಂ4ನಲ್ಲಿ ಪ್ರೊಸೆಸರಿನ ಪಿನ್ ಬಾಗಿದೆಯಾ ಎಂದು ಮೊಬೈಲ್ ಟಾರ್ಚ್ ಹಾಕಿ ನೋಡಿ.

ಕಾಗದದಲ್ಲಿ ಬರೆದು ಕಿಸೆಯಲ್ಲಿ ಇಟ್ಟುಕೊಳ್ಳಿ

1. ಪ್ರೊಸೆಸರ್ ಪೂರ್ತಿ ನಂಬರ್, ಕೊನೆಯ ಅಕ್ಷರ ಸಮೇತ. ಗ್ರಾಫಿಕ್ಸ್ ಉಂಟಾ?
2. ಬೋರ್ಡ್ ಮಾಡೆಲ್, ಸಾಕೆಟ್. ಸಪೋರ್ಟ್ ಲಿಸ್ಟ್‌ನಲ್ಲಿ ನಮ್ಮ ಪ್ರೊಸೆಸರ್ ಉಂಟಾ? ಬಯೋಸ್ ಯಾವುದು?
3. ರ‍್ಯಾಮ್ ಡಿಡಿಆರ್4 ಅಥವಾ 5? ಸ್ಲಾಟ್ ಎಷ್ಟು?
4. ಎಸ್‌ಎಸ್‌ಡಿ ಸಾಟಾ ಅಥವಾ ಎನ್‌ವಿಎಂಇ?
5. ಎಸ್‌ಎಂಪಿಎಸ್ ಎಷ್ಟು ವ್ಯಾಟ್? ಬೇಕಾದ ವೈರು ಉಂಟಾ?
6. ಕ್ಯಾಬಿನೆಟ್‌ನಲ್ಲಿ ಬೋರ್ಡ್ ಕೂರ್ತದಾ?
7. ಮಾನಿಟರ್ ಪೋರ್ಟ್, ವೈ-ಫೈ, ಯುಪಿಎಸ್, ಅರ್ಥಿಂಗ್.
8. ಹೊಂದದಿದ್ದರೆ ವಾಪಸ್ ತಗೊಳ್ತಾರಾ? ಎಷ್ಟು ದಿನದೊಳಗೆ? ಇದನ್ನು ಬಿಲ್ಲಿನಲ್ಲೇ ಬರೆಸಿ.

ಈ ಎಂಟಕ್ಕೂ ಉತ್ತರ ಸಿಕ್ಕಿದ ಮೇಲೆ ಅಂಗಡಿಗೆ ಹೋಗಿ. ಒಂದಕ್ಕೆ ಸಿಗದಿದ್ದರೂ ಆ ದಿನ ದುಡ್ಡು ಕೊಡಬೇಡಿ, ಎರಡು ದಿನ ತಡವಾದರೂ ಅಡ್ಡಿಯಿಲ್ಲ. ನಾನು ಜೋಡಿಸಿದ ಆ ಸೆಟ್ ಈಗಲೂ ಓಡ್ತಾ ಉಂಟು. ಈ ಬರಹ ಟೈಪ್ ಮಾಡಿದ್ದೂ ಅದರಲ್ಲೇ.